ಕೂಸು ಮೀಯಿಸುತ್ತಿದ್ದವರ ಕಣ್ಣು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾಪೋಕ್ಲಿನ ನಮ್ಮ ಕೇರಿಯಲ್ಲಿ ಯಾರು ಹೆತ್ತರೂ ಕೂಸಿಗೆ ಎಣ್ಣೆ ತಿಕ್ಕಿ, ಚಾಚಿದ ಕಾಲ ಮೇಲೆ ಮಲಗಿಸಿ ಮೀಯಿಸುತ್ತಿದ್ದವರು ಪಕ್ಕದ ಮನೆಯ ದೊಡ್ಡಮ್ಮ.

ಒಂದು ಮಳೆಗಾಲ, ನಾವೆಲ್ಲ ಕಂಬಳಿ ಹೊದ್ದು ಒಲೆ ಮುಂದೆ ಕೂತಿದ್ದರೆ ಅವರು ಸೆರಗಿನಿಂದ ಗಾಳಿ ಹಾಕಿಕೊಂಡು, "ಎಂಥ ಸೆಕೆ ಮಾರಾಯ್ತಿ!" ಎನ್ನತೊಡಗಿದರು. ಇಬ್ಬರ ಊಟ ಉಂಡರೂ ಸೊರಗಿದರು. ಬೆರಳು ನಡುಗಿತು, ಗಂಟಲು ಊದಿತು, ಕಣ್ಣುಗುಡ್ಡೆ ಮುಂದೆ ಬಂತು. ಆ ಕಣ್ಣು ತಾಗುತ್ತದೆಂದು ಬಾಣಂತಿಯರು ಅವರನ್ನು ಕರೆಯುವುದನ್ನೇ ಬಿಟ್ಟರು.

ತಂಗಿ ಹುಟ್ಟಿದಾಗ ಅಮ್ಮ ಮಾತ್ರ ಕರೆದಳು. ದೊಡ್ಡಮ್ಮ ಮೀಯಿಸುವ ಮೊದಲೇ ಕೂಸಿನ ಕೆನ್ನೆಗೆ ಕಾಡಿಗೆಯ ದೊಡ್ಡ ಬೊಟ್ಟಿಟ್ಟರು. "ನನ್ನ ಕಣ್ಣನ್ನ ನಾನೇ ನಂಬೋದಿಲ್ಲ ಮಾರಾಯ್ತಿ" ಎಂದರು. ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಹಾಗಾಗಿ ಗೋಡೆಯತ್ತ ಮುಖ ತಿರುಗಿಸಿ, ಬರೀ ಕೈಯಲ್ಲಿ ತಡವಿ ಮೀಯಿಸಿದರು. ದಿನಾ ಹಾಗೆಯೇ.

ಮಡಿಕೇರಿಯ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಎದೆಬಡಿತ ಹದ ತಪ್ಪಿತ್ತು. ಗಂಟಲಿನ ಥೈರಾಯ್ಡ್ ಗ್ರಂಥಿ ಬೇಕಾದ್ದಕ್ಕಿಂತ ಹೆಚ್ಚು ರಸ ಸುರಿಸುತ್ತಿದೆ, ಸೆಕೆ, ನಡುಕ, ಕಣ್ಣು ಎಲ್ಲ ಅದೇ ಕಾಯಿಲೆ ಎಂದರಂತೆ.

ತೀರಿಕೊಂಡಾಗಲೂ ಅವರ ರೆಪ್ಪೆ ಮುಚ್ಚಲಿಲ್ಲ. ಹೆಣದ ಹತ್ತಿರ ಕೂಸು ತರಬಾರದೆಂದು ಎಲ್ಲರೂ ತಡೆದರು. ಅಮ್ಮ ಕೇಳಲಿಲ್ಲ. ಕೆನ್ನೆಯ ಬೊಟ್ಟನ್ನು ಸೆರಗಿನಿಂದ ಒರೆಸಿ, ತಂಗಿಯನ್ನು ಆ ಕಣ್ಣುಗಳ ಎದುರು ಹಿಡಿದಳು.

"ನೋಡಿ ಅಕ್ಕ" ಎಂದಳು.