ಬಿಳಿ ಹತ್ತಿಯ ಅಂಚು

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ನಾನು ಜಗಳ ಆಡುತ್ತಿದ್ದುದು ಗಾಳಿಗಲ್ಲ, ಅಂಗಡಿಗಳ ಬೋರ್ಡು ಓದಲಿಕ್ಕೆ. ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಸುರಪುರ. ದಾರಿಯಲ್ಲಿ ಯಾವ ದವಾಖಾನೆಗೆ ಬಣ್ಣ ಹೊಡೆಸಿದ್ದಾರೆ, ಯಾವ ಶಾಲೆಗೆ ಇನ್ನೊಂದು ಮಹಡಿ ಏರಿದೆ ಎಂದು ನೋಡಿ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಬಣ್ಣ ಹೊಡೆಸಿದವರಿಗೆ ವೆಬ್‌ಸೈಟೂ ಬೇಕಾಗಬಹುದು ಎಂಬುದು ನನ್ನ ತರ್ಕ. ಆ ತರ್ಕ ಒಂದು ಸಲವೂ ನಿಜವಾಗಲಿಲ್ಲ.

"ವೆಬ್‌ಸೈಟ್ ಅಂದ್ರ ಫ್ಲೆಕ್ಸ್ ಇದ್ದಂಗೇನ್ರಿ?" ಎಂದು ಕೇಳಿದವರೇ ಹೆಚ್ಚು. ಇಲ್ಲ ಎಂದು ವಿವರಿಸತೊಡಗಿದರೆ, "ಹಂಗಾರ ಒಂದ್ ಫ್ಲೆಕ್ಸೇ ಮಾಡಿಕೊಡ್ರಿ" ಎನ್ನುತ್ತಿದ್ದರು. ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇರುತ್ತಿತ್ತು. "ಯಾರ ಪೈಕಿ ನೀವು?" ಕೂಡು ಎನ್ನುವ ಮೊದಲೇ ಅದು ಬರುತ್ತಿತ್ತು. "ಸಗರದ ಮಾಸ್ತರ ಮಗಳ್ರಿ" ಎಂದು ಹೇಳಿ ನಾನು ಲ್ಯಾಪ್‌ಟಾಪು ತೆರೆಯುತ್ತಿದ್ದೆ. ಅವರಿಗೆ ಬೇಕಾದ ಉತ್ತರ ಅದಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಕೆಲವರು ಅಷ್ಟಕ್ಕೇ ಬಿಡುತ್ತಿದ್ದರು. ಕೆಲವರು ಬಿಡುತ್ತಿರಲಿಲ್ಲ, ಉತ್ತರ ಸಿಕ್ಕ ಮೇಲೆ ಅವರಿಗೆ ಇದ್ದಕ್ಕಿದ್ದಂತೆ ಬೇರೆ ಕೆಲಸ ನೆನಪಾಗುತ್ತಿತ್ತು.

ಶಹಾಪುರದಲ್ಲಿ ಸಿಮೆಂಟ್ ಅಂಗಡಿಯ ಮೇಲಿನ ಕೋಣೆ ನನ್ನ ಆಫೀಸು. ಕಿಟಕಿಯಿಂದ ಮಲಗಿದ ಬುದ್ಧನ ಆಕಾರದ ಬೆಟ್ಟ ಕಾಣುತ್ತದೆ. ಅವನ ಹಾಗೆ ನಿಶ್ಚಿಂತೆಯಿಂದ ಮಲಗುವ ಭಾಗ್ಯ ನನಗಿರಲಿಲ್ಲ. ಒಳಗೆ ಎರಡು ಕುರ್ಚಿ, ಒಂದು ನನಗೆ, ಇನ್ನೊಂದು ಗಿರಾಕಿಗೆ. ಏಳು ತಿಂಗಳು ಗಿರಾಕಿಯ ಕುರ್ಚಿಯ ಮೇಲೆ ನನ್ನ ಬ್ಯಾಗೇ ಕುಳಿತಿತ್ತು.

ಹೀಗಿರುವಾಗ ಅಪ್ಪ ನನಗೆ ಹೇಳದೆ ಒಂದು ಕೆಲಸ ಮಾಡಿದ. ಯಾದಗಿರಿಯ ಒಂದು ಕಚೇರಿಯಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್ ಬೇಕಿತ್ತು. ಅಲ್ಲಿನ ಸಾಹೇಬ ಅಪ್ಪನ ಕೈಯಲ್ಲಿ ನಾಲ್ಕನೆಯ ಇಯತ್ತೆ ಕಲಿತವನು. ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ತರುವುದಕ್ಕೂ ಒಪ್ಪದ ನಮ್ಮಪ್ಪ, ತನ್ನ ಶಿಷ್ಯನ ಬಾಗಿಲಲ್ಲಿ ಒಂದು ತಾಸು ನಿಂತು, ಮಗಳಿಗೆ ಕೆಲಸ ಕೊಡು ಎಂದು ಕೇಳಿ ಬಂದಿದ್ದ. ಸೋಮವಾರ ಹತ್ತಕ್ಕೆ ಹಾಜರಾಗಬೇಕು ಎಂದು ಸುದ್ದಿ ಬಂದಾಗ ನಾನು ಕೂಗಾಡಿದೆ.

"ನಿನಗ ಯಾರು ಕೇಳಾಕ ಹೇಳಿದ್ರು?"

ಅಪ್ಪ ಕನ್ನಡಕ ಒರೆಸುತ್ತ ಕುಳಿತ. ಅವ್ವ ನನ್ನ ಕಡೆ ಒಂದು ನೋಟ ನೋಡಿದಳು. ಕೊನೆಗೆ ನಾನೇ ಒಂದು ಮಾತು ಕೊಟ್ಟೆ. ಸೋಮವಾರದೊಳಗೆ ಒಬ್ಬ ಗಿರಾಕಿ ಸಿಕ್ಕರೆ ಯಾದಗಿರಿಗೆ ಹೋಗುವುದಿಲ್ಲ, ಸಿಗದಿದ್ದರೆ ಕೋಣೆ ಖಾಲಿ ಮಾಡಿ ಸುಮ್ಮನೆ ಹೋಗುತ್ತೇನೆ.

"ಒಬ್ಬಾಂವ ಸಾಕೇನು?" ಎಂದ ಅಪ್ಪ.

"ಸಾಕು" ಎಂದೆ. ಆ ಒಬ್ಬ ಎಲ್ಲಿದ್ದಾನೆ ಎಂದು ಹುಡುಕಲು ಡೈರಿ ತೆರೆದೆ.

ಡೈರಿಯಲ್ಲಿ ಉಳಿದಿದ್ದ ಹೆಸರು ಒಂದೇ, ರಂಗಂಪೇಟೆಯ ಬೀಜದ ಸಾಹುಕಾರರದು. ಎಪ್ಪತ್ತು ದಾಟಿದ ಹಿರಿಯರು. ಸುತ್ತಲಿನ ಹಳ್ಳಿಗಳ ಹತ್ತಿ ಬೆಳೆಗಾರರೆಲ್ಲ ಅವರ ಅಂಗಡಿಯ ಗಿರಾಕಿಗಳೇ. ನನ್ನ ಮಾತೆಲ್ಲ ಕೇಳಿ, "ನೋಡ್ ತಂಗಿ, ಬೀಜ ಮೊಳಕಿ ಒಡದು ತೋರಿಸಿದ್ರನ ರೈತ ನಂಬ್ತಾನ. ನೀನೂ ಮೊದಲ ಮಾಡಿ ತೋರಸು. ಆಮ್ಯಾಗ ಮಾತು" ಎಂದಿದ್ದರು. ಇದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ನಾನು ಅದನ್ನೇ ಒಪ್ಪಿಗೆ ಎಂದು ಹಿಡಿದುಕೊಂಡೆ.

ಅಂಗಡಿಯ ಗೋಡೆಯ ಮೇಲೆ ರುಮಾಲು ಸುತ್ತಿದ ಅವರ ಫೋಟೋ ಇತ್ತು. ಅದನ್ನೇ ಮೊಬೈಲಿನಲ್ಲಿ ತೆಗೆದುಕೊಂಡು ಬಂದೆ. ಬಣ್ಣ ಮಾಸಿ ಮುಖ ಹಸಿರಾಗಿ ಕಾಣುತ್ತಿತ್ತು. ಕಪ್ಪುಬಿಳುಪು ಮಾಡಿದೆ. ತಕ್ಷಣ ಮುಖಕ್ಕೆ ಒಂದು ಗಾಂಭೀರ್ಯ ಬಂತು. ಹತ್ತಿ ಬೀಜದ ವ್ಯಾಪಾರವಲ್ಲವೆ, ಸುತ್ತಲೂ ಅರಳಿದ ಬಿಳಿ ಹತ್ತಿಯ ಅಂಚು ಕಟ್ಟಿದೆ. ಕೆಳಗೆ ಅವರ ಹೆಸರು, ಅದರ ಕೆಳಗೆ "ರೈತರ ಮನದಲ್ಲಿ ಸದಾ" ಎಂಬ ಸಾಲು. ಮೂರು ದಿನ ಊಟದ ಪರಿವೆಯಿಲ್ಲದೆ ಮಾಡಿದ ಕೆಲಸ. ನನ್ನ ಕೈಯಿಂದ ಇಷ್ಟು ಚೆಂದದ್ದು ಬಂದೇ ಇಲ್ಲ ಎಂದು ಹೆಮ್ಮೆಪಟ್ಟೆ. ಹುಟ್ಟಿ ಬೆಳೆದ ಊರಿನ ಕಣ್ಣು ಆ ಮೂರು ದಿನ ಎಲ್ಲಿ ಹೋಗಿತ್ತೋ ಕಾಣೆ.

ಸಾಹುಕಾರರ ಹತ್ತಿರ ಬಟನ್ ಫೋನು. ಹಾಗಾಗಿ ಶನಿವಾರ ಸಂಜೆ ಅವರ ಗುಮಾಸ್ತನಿಗೆ ಲಿಂಕ್ ಕಳಿಸಿದೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವನ ಫೋನು ಬಂತು.

"ಮೇಡಂರಿ, ಏನ್ ಮಾಡೀರಿ ನೀವು? ಲಗೂನ ಬರ್ರಿ. ಮಂದಿ ಬರಾಕತ್ತಾರ."

"ಎದಕ್ರಿ?"

"ಸಾವಕಾರ್ರ ಮಣ್ಣಿಗೆ!"

ಬಸ್ಸಿನಲ್ಲಿ ನಿಂತುಕೊಂಡೇ ಗುಮಾಸ್ತ ಕಳಿಸಿದ್ದನ್ನೆಲ್ಲ ನೋಡಿದೆ. ಅವನು ಖುಷಿಯಿಂದ ಲಿಂಕನ್ನು ರೈತರ ಗ್ರೂಪಿಗೆ ಹಾಕಿ, "ನಮ್ಮ ಸಾಹುಕಾರರು" ಎಂದು ಬರೆದು, ಪಕ್ಕದಲ್ಲಿ ಜೋಡಿಸಿದ ಎರಡು ಕೈಗಳ ಚಿತ್ರ ಇಟ್ಟಿದ್ದ. ಲಿಂಕ್ ಒತ್ತಿ ಒಳಗೆ ಹೋದವರು ಯಾರೂ ಇಲ್ಲ. ಲಿಂಕಿನ ಮೇಲೆ ಕಂಡದ್ದು ಒಂದು ಕಪ್ಪುಬಿಳುಪು ಮುಖ, ಸುತ್ತ ಬಿಳಿ ಮಾಲೆ, ಕೆಳಗೆ "ರೈತರ ಮನದಲ್ಲಿ ಸದಾ". ನಮ್ಮ ಕಡೆ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಮನುಷ್ಯ ಏಳು ಬಣ್ಣದಲ್ಲಿ ನಗುತ್ತಾನೆ. ಕಪ್ಪುಬಿಳುಪಾಗುವುದು ಒಂದೇ ಸಲ. ಇದು ಮೂರು ವರ್ಷದ ಕೂಸಿಗೂ ಗೊತ್ತು. ಮೊದಲು ಯಾರೋ ಒಬ್ಬರು ಓಂ ಶಾಂತಿ ಎಂದು ಹಾಕಿದ್ದರು, ಆಮೇಲೆ ಕುರಿಮಂದೆಯ ಹಾಗೆ ಎಲ್ಲರೂ.

ರಂಗಂಪೇಟೆಯಲ್ಲಿ ಇಳಿದಾಗ ಆ ಸಾಲಿನ ಅಂಗಡಿಗಳು ಮರ್ಯಾದೆಗೆಂದು ಅರ್ಧ ಶಟರ್ ಎಳೆದಿದ್ದವು. ಕಕ್ಕೇರಾದಿಂದ ಬಂದ ಟಂಟಂ ಆಟೋದಿಂದ ಹೆಂಗಸರು ಇಳಿಯುತ್ತಿದ್ದರು. ತಲೆಮೇಲೆ ಸೆರಗೆಳೆದುಕೊಂಡು, ಓಣಿಯ ತಿರುವಿನಲ್ಲೇ ಪದ್ಧತಿಯಂತೆ ದನಿ ತೆಗೆದು ಅಳುತ್ತ ನಡೆದರು. ಅಂಗಡಿಯ ಕಟ್ಟೆಯ ಮೇಲೆ ಸಾಹುಕಾರರು ಬಸಿಯಲ್ಲಿ ಚಹಾ ಊದುತ್ತ ಕುಳಿತಿದ್ದರು. ಅವರನ್ನು ನೋಡಿದ್ದೇ ತಡ, ಮುಂದಿದ್ದ ಹೆಂಗಸಿನ ಅಳು ನಡುವಿನಲ್ಲೇ ನಿಂತಿತು.

ಹೊಟೇಲಿನ ಮರೆಯಲ್ಲಿ ನಿಂತು, ಬಂದ ಬಸ್ಸಿಗೇ ವಾಪಸ್ ಹತ್ತಿಬಿಡಲೇ ಎಂದು ಯೋಚಿಸಿದೆ. ಖರೆ ಹೇಳುತ್ತೇನೆ, ಎರಡು ಹೆಜ್ಜೆ ಹಿಂದಕ್ಕೂ ಇಟ್ಟೆ. ಆಗ ಶಿಷ್ಯನ ಬಾಗಿಲಲ್ಲಿ ನಿಂತ ಅಪ್ಪ ನೆನಪಾದ. ಅಷ್ಟು ಹೊತ್ತು ಅವನು ನಿಂತಿದ್ದನಲ್ಲ. ಹೋಗಿ ಕಟ್ಟೆಯ ಮುಂದೆ ನಿಂತೆ.

"ತಪ್ಪು ನಂದ್ರಿ, ಸಾವಕಾರ್ರೆ."

ಅವರು ಮಾತಾಡುವ ಮೊದಲೇ ಒಳಗಿನಿಂದ ಅವರ ಹೆಂಡತಿ ಬಂದರು. ಅತ್ತು ಕಣ್ಣು ಕೆಂಪಾಗಿದ್ದವು. "ನಸುಕಿನ್ಯಾಗ ನಮ್ಮಕ್ಕ ಬಂದು ನನ್ನ ಕೈ ಹಿಡದು, ಬಳಿ ಮುಟ್ಟಿ ಅತ್ತಾಳ. ನನ್ನ ಕುಂಕುಮದ ಜೋಡಿ ಆಟ ಆಡ್ತೀಯೇನು? ನಿನ್ನ ಕೈಲೆ ಮಾಡಿದ್ದು ನಮ್ಮನಿಗೆ ಬ್ಯಾಡ!"

ಆ ತಾಯಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ಗಿರಾಕಿ ಅಲ್ಲಿಗೆ ಮುಗಿದ ಎಂದು ತಿಳಿಯಿತು, ಸೋಮವಾರವೂ ಕಣ್ಣ ಮುಂದೆ ಬಂತು.

ಟಂಟಂನಲ್ಲಿ ಬಂದ ಒಬ್ಬ ರೈತ ಹೂವಿನ ಮಾಲೆ ಹಿಡಿದು, ಇದನ್ನು ಏನು ಮಾಡಲಿ ಎಂಬಂತೆ ನಿಂತಿದ್ದ. ಸಾಹುಕಾರರು ಅವನನ್ನು ಕರೆದು ಕುತ್ತಿಗೆ ಬಗ್ಗಿಸಿದರು. "ಹಾಕೋ ತಮ್ಮಾ. ಉಸುರ್ ಇದ್ದಾಗ ಹಾಕಿದ್ರ ಸನ್ಮಾನ. ಸತ್ತ ಸುದ್ದಿ ಸುಳ್ಳಾದ್ರ ಆಯುಷ್ಯ ಹೆಚ್ಚಂತ." ಹೆಂಡತಿ ಚೀರಿದರು, ಮಂದಿ ನಕ್ಕರು, ಶಟರುಗಳು ಒಂದೊಂದಾಗಿ ಮೇಲೆ ಹೋದವು. ನನ್ನ ಕಡೆ ತಿರುಗಿ, "ಮನಿಯಾಕಿ ಬ್ಯಾಡ ಅಂದ ಮ್ಯಾಗ ಬ್ಯಾಡ. ಚಾ ಕುಡದು ಹೋಗು" ಎಂದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಬಸ್ಸಿಗೆ ಕಾಯುತ್ತ ನಿಂತಾಗ ಮಾಲೆ ತಂದ ರೈತ ಹಿಂದೆ ಬಂದ. ಅವನು ಈಗ ಲಿಂಕ್ ಒತ್ತಿ ಮೊಬೈಲಿನಲ್ಲಿ ನನ್ನ ಪುಟ ತೆರೆದಿದ್ದ.

"ಇದು ನೀವ ಮಾಡಿದ್ದೇನ್ರಿ?"

ಇನ್ನೊಂದು ಬೈಗುಳ ಎಂದುಕೊಂಡೆ. "ಹೌದ್ರಿ" ಎಂದೆ.

"ಹೋದ ತಿಂಗಳ ನಮ್ಮವ್ವ ಹೋಗ್ಯಾಳ್ರಿ. ಸೂಲಗಿತ್ತಿ ಇದ್ಲು. ಆಕಿ ಕೈಯಾಗ ಹುಟ್ಟಿದವ್ರು ಊರೂರಾಗ ಅದಾರ. ಒಂದ್ ಫ್ಲೆಕ್ಸ್ ಹಾಕಿದ್ದೆ, ಎಂಟು ದಿನದಾಗ ಗಾಳಿಗೆ ಹರದು ಹೋತು. ಇದು ಹರಿಯಂಗಿಲ್ಲಲ್ರಿ?"

"ಹರಿಯಂಗಿಲ್ರಿ."

"ಆಕಿ ಯಾರ್‍ಯಾರ್‍ನ ಹಡಿಸ್ಯಾಳ, ಅವರು ಬಂದು ತಮ್ಮ ಹೆಸರು ಬರಿಯಾಕ ಜಾಗ ಇರ್ತದೇನು?"

ಏಳು ತಿಂಗಳಲ್ಲಿ ವೆಬ್‌ಸೈಟು ಯಾತಕ್ಕೆ ಬೇಕು ಎಂದು ನಾನು ಊರಿಗೆಲ್ಲ ಹೇಳುತ್ತ ತಿರುಗಿದ್ದೆ. ಅದು ಯಾತಕ್ಕೆ ಬೇಕು ಎಂದು ನನಗೇ ಹೇಳಿದವನು ಇವನೊಬ್ಬನೇ. ಇರ್ತದ್ರಿ ಎಂದೆ. ಅವನು ಅವ್ವನ ಫೋಟೋ ತೋರಿಸಿದ, ಎಷ್ಟು ದಿನದಲ್ಲಿ ಆಗುತ್ತದೆ ಎಂದು ಕೇಳಿದ, ಮುಂಗಡ ಕೈಗಿಟ್ಟ. ಯಾರ ಪೈಕಿ ಎಂದು ಅವನು ಕೇಳಲೇ ಇಲ್ಲವೆಂಬುದು ಬಸ್ಸು ಹತ್ತಿದ ಮೇಲೆ ನನಗೆ ಹೊಳೆಯಿತು.

ಮನೆಗೆ ಬಂದು ಅಪ್ಪನ ಮುಂದೆ ಎಲ್ಲ ಹೇಳಿದೆ. ಸತ್ತವರ ಪುಟ ಮಾಡಿ ಬದುಕುತ್ತೀಯಾ ಎಂದು ಕೇಳಿಯಾನೆಂಬ ಅಂಜಿಕೆ ಇತ್ತು. ಇವನೊಬ್ಬ ಆದಮೇಲೆ ಮುಂದೇನು ಎಂಬ ಅಂಜಿಕೆ ಅದಕ್ಕಿಂತ ದೊಡ್ಡದಾಗಿತ್ತು. ಅದು ಇವತ್ತಿಗೂ ಹೋಗಿಲ್ಲ. ಅಪ್ಪ ಅವ್ವನನ್ನು ಕರೆದು, ನಾಳೆಗೆ ತನ್ನ ಬಿಳಿ ಅಂಗಿ ಇಸ್ತ್ರಿ ಮಾಡಿಡಲು ಹೇಳಿದ.

"ಎಲ್ಲಿಗೆ ಹೊಂಟಿ?" ಎಂದೆ.

"ಯಾದಗಿರಿಗೆ. ಕೆಲಸ ಕೊಡು ಅಂತ ಕೇಳಾಕ ಹೋದಾಂವ ನಾನು. ಬ್ಯಾಡ ಅಂತ ಹೇಳಾಕೂ ನಾನ ಹೋಗಬೇಕಲ್ಲ."

"ನಾನ ಹೋಗಿ ಹೇಳಿ ಬರ್ತೀನಿ ಬಿಡಪ್ಪ."

"ನಿನಗ ಕೆಲಸ ಅದ" ಎಂದ ಅಪ್ಪ.