ಮಹಾಬಲ ಮಾವನ ಮಿನಿಬಸ್ಸು ನಿಂತ ಜಾಗಗಳು

ಮೊನ್ನೆ ನನ್ನ ಗಂಡ ಬಾಲ್ಕನಿಯ ಆರು ಕುಂಡಗಳಿಗೆ ನೀರು ಹಾಕಲೆಂದು ಮೂವತ್ತು ಅಡಿ ಉದ್ದದ ಹಸಿರು ಪೈಪು ತಂದರು. ಠಾಣೆಯ ನೌಪಾಡಾದ ನಮ್ಮ ಬಾಲ್ಕನಿಯೇ ಒಟ್ಟು ಒಂಬತ್ತು ಅಡಿ. ಉಳಿದ ಪೈಪು ಏನು ಮಾಡುವುದು ಎಂದು ಕೇಳಬೇಕೆಂದಿದ್ದೆ, ಆದರೆ ಬಿಸಿಲಿಗೆ ಕಾದ ಆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ಜಗಳ ಮರೆತುಹೋಯಿತು. ನಿಮಗೆ ಈ ವಾಸನೆಯಿಂದ ತೋಟ ನೆನಪಾಗಬಹುದು. ನನಗೆ ನೆನಪಾಗುವುದು ಮಹಾಬಲ ಮಾವನ ಮಿನಿಬಸ್ಸು.

ಮಹಾಬಲ ಮಾವ ನನ್ನ ಅಮ್ಮನ ಅಣ್ಣ. ಉಡುಪಿಯ ಕಡೆಯಿಂದ ಹದಿನಾರನೆಯ ವಯಸ್ಸಿಗೆ ಠಾಣೆಯ ಕಡೆಗೆ ಬಂದು, ಹೋಟೆಲುಗಳಲ್ಲಿ ಕೆಲಸ ಮಾಡಿ, ಕೊನೆಗೆ ತುರ್ಭೆಯ ಒಂದು ಕಾರ್ಖಾನೆಯ ಕ್ಯಾಂಟೀನು ನಡೆಸುತ್ತಿದ್ದವರು. ಅವರ ಹೆಂಡತಿ ಗುಲಾಬಿ ಅತ್ತೆ. ಮಕ್ಕಳಿಲ್ಲ. ಡೊಂಬಿವಲಿಯಲ್ಲಿ ನಮ್ಮ ಮನೆಯಿದ್ದ ಬಿಲ್ಡಿಂಗಿನಲ್ಲೇ ಒಂದು ಮಾಳಿಗೆ ಮೇಲೆ ಇದ್ದರು. ಹಾಗಾಗಿ ನಾನು ಬೆಳೆದದ್ದು ಎರಡೂ ಮನೆಗಳ ನಡುವಿನ ಮೆಟ್ಟಿಲುಗಳ ಮೇಲೆ ಎಂದರೂ ತಪ್ಪಿಲ್ಲ.

ಅತ್ತೆ ಒಂದು ಕಾಲದಲ್ಲಿ ಭಾರೀ ತಿರುಗಾಟದವರು. ಭಜನೆ, ಮದುವೆ, ಸೀಮಂತ, ಯಾವುದಕ್ಕೂ ಕರೆಯಬೇಕೆಂದಿಲ್ಲ, ಸುದ್ದಿ ಸಿಕ್ಕಿದರೆ ಸಾಕು. ಅಂಥವರು ಎರಡು ಸಾವಿರದ ನಾಲ್ಕೈದರ ಹೊತ್ತಿಗೆ ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸಿದರು. ಕೇಳಿದರೆ "ಸೊಂಟ ನೋವು ಮಾರಾಯ್ತಿ" ಎನ್ನುತ್ತಿದ್ದರು. ಕುಮಟಾದಲ್ಲಿರುವ ಸ್ವಂತ ತಂಗಿಯ ಮಗಳ ಮದುವೆಗೂ ಹೋಗಲಿಲ್ಲ. ತಂಗಿ ಎರಡು ವರ್ಷ ಮಾತು ಬಿಟ್ಟರು. ಅತ್ತೆಯ ಸೊಂಟದ ಮೇಲೆ ನಮಗೆಲ್ಲ ಸ್ವಲ್ಪ ಸಂಶಯವಿತ್ತು. ಯಾಕೆಂದರೆ ಅದೇ ಸೊಂಟದಲ್ಲಿ ಅವರು ಇಡೀ ಬಿಲ್ಡಿಂಗಿಗೆ ಸಾಕಾಗುವಷ್ಟು ಹಪ್ಪಳ ಲಟ್ಟಿಸುತ್ತಿದ್ದರು.

ಇದಾಗಿ ಕೆಲವು ವರ್ಷಕ್ಕೆ ಮಾವ ಒಂದು ಶಾಲೆಯವರು ಬೇಡವೆಂದು ಮಾರಿದ ಹಳೆಯ ಹಳದಿ ಮಿನಿಬಸ್ಸನ್ನು ಕೊಂಡು ತಂದರು. ಸೀಟುಗಳನ್ನು ಕಿತ್ತು ಅದನ್ನು ಮನೆ ಮಾಡುತ್ತಾರಂತೆ! ಆಗ ಕ್ಯಾರವಾನ್ ಎಂಬ ಶಬ್ದವನ್ನು ನಾನು ಟಿವಿಯಲ್ಲಿ ಮಾತ್ರ ಕೇಳಿದ್ದೆ. ವಿಮಾ ಕಚೇರಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಮ್ಮಸ್ಸಿನಲ್ಲಿ, ಅಪಾಯಗಳ ಪಟ್ಟಿ ಮಾಡುವುದೇ ನನ್ನ ಹುಟ್ಟುಗುಣ ಎಂದುಕೊಂಡು, ಮಾವನಿಗೆ ಹದಿನಾಲ್ಕು ಅಪಾಯಗಳನ್ನು ವಿವರಿಸಿದೆ. ಮಾವ ಪೂರ್ತಿ ಕೇಳಿ, "ಆಯ್ತು, ಪರ್ದೆಗೆ ಯಾವ ಬಣ್ಣ ಒಳ್ಳೇದು ಅದನ್ನು ಹೇಳು" ಎಂದರು.

ತುರ್ಭೆಯ ಒಂದು ಗ್ಯಾರೇಜಿನಲ್ಲಿ ಕೆಲಸ ಶುರುವಾಯಿತು. ಎಲ್ಲರೂ ಮೊದಲು ಮಂಚ ಮಾಡಿಸುತ್ತಾರೆ, ಒಲೆ ಕೂರಿಸುತ್ತಾರೆ. ಮಾವ ಮೊದಲು ಮಾಡಿಸಿದ್ದು ಹಿಂದಿನ ಮೂಲೆಯಲ್ಲಿ ತಗಡಿನ ಒಂದು ಶೌಚದ ಕೋಣೆ, ಅದಕ್ಕೊಂದು ಜಾರುಬಾಗಿಲು, ಛಾವಣಿಯ ಮೇಲೆ ನೀರಿನ ಟಾಕಿ, ಟಾಕಿ ತುಂಬಿಸಲು ಐವತ್ತು ಅಡಿಯ ಹಸಿರು ಪೈಪು. "ಇದೆಂತಕ್ಕೆ ಮಾವ? ದಾರಿಯಲ್ಲಿ ಹೋಟೆಲುಗಳಿಲ್ವಾ?" ಎಂದು ಕೇಳಿದೆ. "ಕಾನೂನು ಉಂಟು ಮಗಾ. ಮಲಗುವ ಗಾಡಿ ಅಂದ್ರೆ ಇದು ಇರಲೇಬೇಕು" ಎಂದರು. ಅಂಥ ಕಾನೂನೊಂದು ಇದೆಯೋ ಇಲ್ಲವೋ ಎಂದು ನಾನು ನೋಡಲು ಹೋಗಲಿಲ್ಲ. ಹದಿನಾಲ್ಕು ಅಪಾಯ ಹುಡುಕಿದವಳಿಗೆ ಒಂದು ಕಾನೂನು ಹುಡುಕಲು ಪುರಸೊತ್ತಿರಲಿಲ್ಲ.

ಮೊದಲ ಪ್ರಯಾಣ ಖೋಪೋಲಿಯ ಆಚೆಗಿನ ಒಂದು ರೆಸಾರ್ಟಿಗೆ. 'ಕ್ಯಾರವಾನ್ ಪಾರ್ಕ್' ಎಂದು ದೊಡ್ಡ ಬೋರ್ಡು ಹಾಕಿದ್ದರು. ಒಳಗೆ ಹೋದರೆ ಹುಲ್ಲುಹಾಸು, ಈಜುಕೊಳ, ಕಾರಂಜಿ ಎಲ್ಲ ಇತ್ತು, ಮತ್ತು ಒಂದು ಮದುವೆಯೂ ನಡೆಯುತ್ತಿತ್ತು. ನಮ್ಮ ಹಳದಿ ಬಸ್ಸನ್ನು ನೋಡಿದ ಮ್ಯಾನೇಜರನಿಗೆ ನಾವು ಬ್ಯಾಂಡಿನವರು ಎನಿಸಿರಬೇಕು, ಅಡುಗೆಮನೆಯ ಹಿಂದೆ ಜನರೇಟರಿನ ಪಕ್ಕ ನಿಲ್ಲಿಸಲು ಹೇಳಿದ. ಆಮೇಲೆ ಬಂದು, ಗಾಡಿಯೊಳಗಿನ ಶೌಚಾಲಯ ಇಲ್ಲಿ ಬಳಸುವಂತಿಲ್ಲ, ಸಾರ್ವಜನಿಕರದ್ದು ಮಂಟಪದ ಆಚೆ ಇದೆ ಎಂದ. ಮಂಟಪದ ಆಚೆ ಎಂದರೆ ಮುನ್ನೂರು ಜನ ಅತಿಥಿಗಳ ನಡುವಿನಿಂದ ದಾಟಿ ಹೋಗಬೇಕು. ಅತ್ತೆ ಒಂದು ಸಲ ಆ ಕಡೆ ನೋಡಿದರು. "ಸೊಂಟ ನೋಯ್ತಾ ಉಂಟು. ಮನೆಗೆ ಹೋಗುವ" ಎಂದರು. ಮಾವ ಕೂಡಲೇ ಗಾಡಿ ತಿರುಗಿಸಿದರು. ದಾರಿಯುದ್ದಕ್ಕೂ ನಾನು ಮುಖ ಊದಿಸಿಕೊಂಡಿದ್ದೆ. ಈಜುಕೊಳಕ್ಕೆಂದು ಹೊಸ ಉಡುಪು ಕೊಂಡಿದ್ದೆನಲ್ಲ!

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮಾವ ಹಾಗೆ ಅಂದುಕೊಳ್ಳಲಿಲ್ಲ. ಒಂದು ತಿಂಗಳು ಬಿಟ್ಟು, ಕಲ್ಯಾಣದಿಂದ ಮುರಬಾಡದ ದಾರಿಯಲ್ಲಿ ಗುಡ್ಡದ ಬುಡದಲ್ಲಿ ಒಂದು ಬಯಲಿದೆ, ಚಾರಣದ ಹುಡುಗರು ಡೇರೆ ಹಾಕುತ್ತಾರೆ, ಅಲ್ಲಿ ಒಂದು ದಿನ ನೋಡುವ ಎಂದು ಅತ್ತೆಯನ್ನು ಒಪ್ಪಿಸಿದರು. ಜಾಗ ಠಾಣೆಯ ಒಬ್ಬ ಔಷಧಿ ವ್ಯಾಪಾರಿಯದು. ಬೋರ್ಡಿಲ್ಲ, ಕಾರಂಜಿಯಿಲ್ಲ. ಎರಡು ಮಾವಿನ ಮರ, ಒಂದು ಬಾವಿ, ಕಾವಲಿನವರ ಒಂದು ಗುಡಿಸಲು. ಮಧ್ಯಾಹ್ನ ಹೋಗಿ ಮರದ ನೆರಳು ನೋಡಿ ನಿಲ್ಲಿಸಿದೆವು. ನೆರಳು ಸಿಕ್ಕಿದ ಖುಷಿಯಲ್ಲಿ ನೆಲ ಹೇಗಿದೆ ಎಂದು ಯಾರೂ ನೋಡಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ತಗಡಿನ ಕೋಣೆಗೆ ಹೋದ ಅತ್ತೆ ಹೊರಗೆ ಬರಲಿಲ್ಲ. ಬಾಗಿಲು ಸಿಕ್ಕಿಕೊಂಡಿತ್ತು. ಒಳಗಿನಿಂದ ಅವರು ಎಳೆದರು, ಹೊರಗಿನಿಂದ ನಾನು ಎಳೆದೆ, ಮಾವ ಗುದ್ದಿದರು. ಊಹುಂ.

"ಮಹಾಬಲ್ರೇ!" ಎಂದು ಅತ್ತೆ ಕೂಗಿದರು. ಗಂಡನನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಗಲಾಟೆ ಕೇಳಿ ಗುಡಿಸಲಿನಿಂದ ಗಂಡಹೆಂಡಿರು ಓಡಿಬಂದರು. ಗಂಡ ಭೀಮಣ್ಣ ಕೈಯಲ್ಲಿ ಹಾರೆ ಹಿಡಿದಿದ್ದ, ಬಾಗಿಲು ಮೀಟಲು ಸಿದ್ಧನಾಗಿ. ಹೆಂಡತಿ ಶರಣಮ್ಮ ಬಸ್ಸಿಗೆ ಒಂದು ಸುತ್ತು ಹಾಕಿ, ಬಗ್ಗಿ ಚಕ್ರಗಳನ್ನು ನೋಡಿ, ಗಂಡನ ಕೈ ಹಿಡಿದು ನಿಲ್ಲಿಸಿದಳು. "ಬಾಗಲಾ ಮುರೀಬ್ಯಾಡ್ರಿ. ಬಾಗಲ್ದು ತಪ್ಪಿಲ್ಲ. ಗಾಡಿ ಸೊಟ್ಟ ನಿಂತದ. ಹಿಂದಿನ ಗಾಲಿ ಮಣ್ಣಾಗ ಇಳದದ ನೋಡ್ರಿ, ಅದಕ್ಕ ಚೌಕಟ್ಟು ತಿರುಚ್ಯದ. ಬಿಲ್ಡಿಂಗ್ ಕೆಲಸದಾಗ ಎಷ್ಟ್ ಬಾಗಲಾ ಕೂಡ್ಸೀನಿ ನಾ!"

ಮಾವ ಗಾಡಿ ಎಳೆಯಲು ನೋಡಿದರು. ಚಕ್ರ ಇನ್ನಷ್ಟು ಹೂತುಕೊಂಡಿತು. ಗಂಡಸರಿಬ್ಬರೂ ಮಣ್ಣು ಕೆದಕಿ ಕಲ್ಲು ಜೋಡಿಸತೊಡಗಿದರು. ಶರಣಮ್ಮ ಬಸ್ಸು ಹತ್ತಿ ಬಂದು ತಗಡಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

"ಯಕ್ಕಾ, ಅಂಜಬ್ಯಾಡ್ರಿ. ನಾ ಇಲ್ಲೇ ಕುಂತೀನಿ."

ಒಳಗೆ ಎಳೆದಾಟ ನಿಂತಿತು. ಆಮೇಲೆ, "ಅಯ್ಯೋ, ನೀವು ಕನ್ನಡದವರಾ? ಯಾವೂರಾಯ್ತು?"

ಆ ಅವಸ್ಥೆಯಲ್ಲೂ ಊರು ಕೇಳಿದರು ಅಂದರೆ ನೋಡಿ!

"ಗುಲಬರ್ಗಾ ಕಡೆಯವ್ರು ರೀ, ಸೇಡಂ ಬಾಜು. ಇಲ್ಲಿ ಬಂದು ಹನ್ನೆರಡ್ ವರ್ಷಾತು."

ಹೀಗೆ ಶುರುವಾದ ಮಾತು ಮಳೆ, ಜೋಳ, ಮೀನು ಎಲ್ಲ ದಾಟಿ ಎಲ್ಲಿಗೋ ಹೋಯಿತು. ನಾನು ಮಂಚದ ಮೇಲೆ ಕೂತು ಕೇಳುತ್ತಿದ್ದೆ. ನಾನಿರುವುದನ್ನು ಅತ್ತೆ ಮರೆತೇ ಬಿಟ್ಟಿದ್ದರೆಂದು ಕಾಣುತ್ತದೆ. ಬಾಗಿಲು ಅಡ್ಡ ಇದ್ದುದರಿಂದಲೋ ಏನೋ, ಒಮ್ಮೆಲೇ ಅವರು ಹೇಳಿದರು, "ನನ್ನದೊಂದು ಗ್ರಹಚಾರ ಶರಣಮ್ಮ. ಗರ್ಭಕೋಶದ ಆಪರೇಷನ್ ಆದ ಮೇಲೆ ಒಂದು ಗಂಟೆ ತಡೀಲಿಕ್ಕೆ ಆಗುದಿಲ್ಲ. ಕೆಮ್ಮಿದ್ರೂ ಸೀರೆ ಒದ್ದೆ. ಒಮ್ಮೆ ಲೋಕಲ್‌ ರೈಲಿನಲ್ಲಿ ನಿಂತಲ್ಲೇ ಆಯ್ತು. ಅವತ್ತಿನಿಂದ ಎಲ್ಲಿಗೂ ಹೋಗುದಿಲ್ಲ. ತಂಗಿ ಮಗಳ ಮದುವೆಗೂ ಸೊಂಟ ನೋವು ಅಂತ ಸುಳ್ಳು ಹೇಳಿದೆ."

ಶರಣಮ್ಮ ಅಯ್ಯೋ ಪಾಪ ಎನ್ನಲಿಲ್ಲ. ತನ್ನದನ್ನು ಹೇಳಿದಳು. "ತುರ್ಭೆದಾಗ ಗೋದಾಮಿನ್ಯಾಗ ಲೋಡಿಂಗಿಗೆ ಹೋಗ್ತಿದ್ದೆ ರೀ. ಹೆಣ್ಮಕ್ಕಳಿಗೆ ಹೋಗ್ಲಿಕ್ಕ ಜಾಗಾನೇ ಇರ್ಲಿಲ್ಲ. ಮುಂಜಾನಿಂದ ಸಂಜೀತನ ನೀರು ಮುಟ್ಟತಿರ್ಲಿಲ್ಲ. ಮೂತ್ರಕ್ಕ ಉರಿ ಹತ್ತಿ, ಜ್ವರಾ ಬಂದು ಬಿದ್ದೆ. ಡಾಕ್ಟ್ರು, ನೀರು ಕುಡೀಬೇಕವ್ವಾ ಅಂದ್ರು. ಕುಡಿದ್ರ ಹೋಗೋದೆಲ್ಲಿ ಅಂದೆ. ಗುಳಿಗಿ ಬರದು ಕೊಟ್ಟು ಕಳಿಸಿದ್ರು. ನಿಮ್ಮ ಯಜಮಾನ್ರು ಚಲೋರು ಯಕ್ಕಾ, ಗಾಡ್ಯಾಗೇ ಕಟ್ಟಿಸ್ಯಾರ. ಹೇಳಿದ್ರೇನು ಅವರಿಗೆ?"

"ನಾನು ಹೇಳ್ಲಿಲ್ಲ" ಎಂದರು ಅತ್ತೆ. "ಅವರು ಕೇಳ್ಲಿಲ್ಲ. ಕಾನೂನು ಉಂಟು ಅಂತ ಹೇಳಿ ಕಟ್ಟಿಸಿದ್ರು." ಮತ್ತೆ ಒಂದು ಸಣ್ಣ ನಗು. ಮೊದಲು ಒಳಗಿನಿಂದ, ಆಮೇಲೆ ಹೊರಗಿನಿಂದ. ಇಬ್ಬರೂ ತಗಡು ನಡುಗುವ ಹಾಗೆ ನಕ್ಕರು. ನಾನು ಮಾತ್ರ ಕಿಟಕಿಯ ಕಡೆ ಮುಖ ಮಾಡಿದೆ. ಆ ಸೊಂಟವನ್ನು ಎಷ್ಟು ಸಲ ಆಡಿಕೊಂಡಿದ್ದೆನೋ!

ಅಷ್ಟರಲ್ಲಿ ಮಾವ ಗಾಡಿ ಚಾಲೂ ಮಾಡಿದರು. ಬಸ್ಸು ಒಮ್ಮೆ ಎಗರಿ, ಕಲ್ಲು ಹತ್ತಿ, ಅತ್ತೆಯ ಕೂಗಿನ ಸಮೇತ ಹತ್ತು ಅಡಿ ಮುಂದೆ ಹೋಗಿ ಸಮನೆಲದಲ್ಲಿ ನಿಂತಿತು. ಬಾಗಿಲು ಏನೂ ಆಗಿಲ್ಲವೆಂಬಂತೆ ಸರಿಯಿತು. ಅತ್ತೆ ಇಳಿದು ಬಂದು ಮಾವಿನ ಬುಡದಲ್ಲಿ ಕೂತರು. ಶರಣಮ್ಮ ಬಾವಿಯ ನೀರು ತಂದುಕೊಟ್ಟಳು. ಮನೆಯಿಂದ ಹೊರಗೆ ಅತ್ತೆ ನೀರು ಕುಡಿದದ್ದನ್ನು ನಾನು ಎಷ್ಟೋ ವರ್ಷಗಳ ಮೇಲೆ ನೋಡಿದೆ. ಎರಡು ಚೊಂಬು.

ಒಂದು ದಿನಕ್ಕೆಂದು ಹೋದವರು ಮೂರು ದಿನ ಇದ್ದೆವು. ಕಚೇರಿಗೆ ಫೋನು ಮಾಡಿ ನನಗೆ ಹೊಟ್ಟೆ ಸರಿಯಿಲ್ಲವೆಂದು ಹೇಳಿದೆ. ಸುಳ್ಳೇನಲ್ಲ, ಶರಣಮ್ಮನ ಖಾರದ ಚಟ್ನಿ ತಿಂದ ಮೇಲೆ ಅದು ನಿಜವೇ ಆಯಿತು. ಹೊರಡುವ ದಿನ ಅತ್ತೆ, ಜಾಗದ ಯಜಮಾನನ ನಂಬರು ತೆಗೆದುಕೊಂಡು ತಮ್ಮ ಕ್ಯಾಂಟೀನ್ ಮರಾಠಿಯಲ್ಲಿ ಅವನನ್ನು ಹಿಡಿದರು. "ಜಾಗಾ ಛಾನ್ ಆಹೆ ಹೋ, ಪಣ್ ಬಾಯಕಾ ಕುಠೇ ಜಾಣಾರ್?" ಜಾಗ ಚೆಂದವೇ ಇದೆ, ಹೆಂಗಸರು ಹೋಗುವುದೆಲ್ಲಿಗೆ? ಅವನು ಏನೋ ಹೇಳಿ ಜಾರಿಕೊಂಡ. ಅತ್ತೆ ಪ್ರತಿ ಸೋಮವಾರ ಫೋನು ಮಾಡಿದರು. ದೀಪಾವಳಿಯ ಹೊತ್ತಿಗೆ ಬಾವಿಯಿಂದ ದೂರದಲ್ಲಿ ಎರಡು ಶೌಚದ ಕೋಣೆಗಳೆದ್ದವು. ಒಳಗಿನಿಂದ ಚಿಲಕ, ಬಟ್ಟೆ ತೂಗುಹಾಕಲು ಗೂಟ, ಎತ್ತರದಲ್ಲಿ ಕಿಟಕಿ, ಎಲ್ಲ ಅತ್ತೆ ಹೇಳಿದ ಹಾಗೆ. ಬಾಗಿಲು ಕೂರಿಸಿದವಳು ಶರಣಮ್ಮ. ಅದುವರೆಗೆ ಬರೇ ಹುಡುಗರು ಬರುತ್ತಿದ್ದ ಆ ಬಯಲಿಗೆ ಸಂಸಾರಗಳು ಬರತೊಡಗಿದವು. ಶರಣಮ್ಮ ರೊಟ್ಟಿ ಬಡಿದು ಊಟ ಹಾಕಲು ಶುರು ಮಾಡಿದಳು.

ಮುಂದಿನ ಐದಾರು ವರ್ಷ ಹಳದಿ ಬಸ್ಸು ನಿಲ್ಲಲಿಲ್ಲ, ಅಂದರೆ ಎಲ್ಲೆಲ್ಲೋ ನಿಂತಿತು. ಪೆಟ್ರೋಲ್ ಪಂಪಿನ ಹಿಂದಿನ ಅಂಗಳ, ದೇವಸ್ಥಾನದ ಬಯಲು, ರಜೆಯಲ್ಲಿ ಖಾಲಿಯಿದ್ದ ಶಾಲೆಯ ಮೈದಾನ, ಸಮುದ್ರದ ಪಕ್ಕದ ತೆಂಗಿನ ತೋಟ. ಜಾಗವನ್ನು ಅಳೆಯಲು ನಮ್ಮ ಮೂವರದೂ ಮೂರು ಅಳತೆ. ಮಾವ ಎಂಜಿನ್ ನಿಲ್ಲಿಸುವ ಮೊದಲು ಬಸ್ಸಿನ ನೆಲದ ಮೇಲೆ ಒಂದು ಲಿಂಬೆಹಣ್ಣು ಇಡುತ್ತಿದ್ದರು, ಅದು ಉರುಳಿದರೆ ಆ ಜಾಗ ಬೇಡ. ನನಗೆ ಮೊಬೈಲಿನ ಸಿಗ್ನಲ್ ಬೇಕು. ಅತ್ತೆ ಮಾತ್ರ ಇಳಿದ ಕೂಡಲೇ ಅಲ್ಲಿಯ ಹೆಂಗಸರನ್ನು ಹುಡುಕಿಕೊಂಡು ಹೋಗುತ್ತಿದ್ದರು. "ನೋಟ ಎಂತ ನೋಡುದು? ಗುಡ್ಡ ಎಲ್ಲ ಕಡೆ ಉಂಟು. ಬಂದವಳನ್ನು ಕಂಡ ಕೂಡ್ಲೆ 'ಒಳಗೆ ಹೋಗಿ ಬರ್ತೀರಾ' ಅಂತ ಕೇಳುವವಳು ಒಬ್ಬಳಿದ್ರೆ ಆ ಜಾಗ ಒಳ್ಳೇದು" ಎನ್ನುತ್ತಿದ್ದರು. ಆಮೇಲೆ ನಾನು ಎಷ್ಟೋ ದೊಡ್ಡ ಕ್ಯಾಂಪುಗಳಲ್ಲಿ ಉಳಿದಿದ್ದೇನೆ, ಗಾಜಿನ ಡೇರೆಗಳಲ್ಲೂ ಮಲಗಿದ್ದೇನೆ. ಇದಕ್ಕಿಂತ ಒಳ್ಳೆಯ ಅಳತೆ ಸಿಕ್ಕಿಲ್ಲ.

ಕುಮಟಾಕ್ಕೂ ಹೋದೆವು, ನಿಂತು ನಿಂತು, ನಾಲ್ಕು ದಿನದ ದಾರಿ. ತಂಗಿ ಬಾಗಿಲಲ್ಲೇ ನಿಂತು, "ಈಗ ಬಂದ್ಯಾ?" ಎಂದು ಕೇಳಿದರು. ಅತ್ತೆ ನೆವ ಹೇಳಲಿಲ್ಲ. ತಂಗಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ನಿಜ ಹೇಳಿದರು. ಹೊರಗೆ ಬಂದಾಗ ಇಬ್ಬರ ಕಣ್ಣೂ ಕೆಂಪಾಗಿತ್ತು. ತಂಗಿ ಬೆಲ್ಲ ನೀರು ತಂದಿಟ್ಟು, ಗಟ್ಟಿ ದನಿಯಲ್ಲಿ, "ಪೂರ್ತಿ ಕುಡಿ, ಮನೆ ಹಿಂದೆ ಎರಡು ಬಾತ್‌ರೂಮ್ ಉಂಟು" ಎಂದರು.

ಬಸ್ಸು ಈಗಿಲ್ಲ. ವಯಸ್ಸಾಗಿ ಗುಜರಿಗೆ ಹೋಯಿತು. ಮಾವ ಮತ್ತು ಅತ್ತೆ ಠಾಕುರ್ಲಿಯಲ್ಲಿ ಲಿಫ್ಟ್ ಇರುವ ಬಿಲ್ಡಿಂಗಿನಲ್ಲಿದ್ದಾರೆ. ಇಷ್ಟು ಬರೆದ ಮೇಲೆ ಅತ್ತೆಗೆ ಫೋನು ಮಾಡಿದೆ, ಬರೆಯಬಹುದಾ ಎಂದು ಕೇಳಲು. "ಬರಿ, ಬರಿ. ಓದಿದವರಲ್ಲಿ ಒಬ್ಬಳಾದ್ರೂ ಡಾಕ್ಟರ ಹತ್ತಿರ ಹೋದ್ರೆ ಸಾಕು. ನಾನು ಸುಮ್ಮನೆ ಆರು ವರ್ಷ ಹಾಳು ಮಾಡಿದೆ, ಡಾಕ್ಟರಮ್ಮ ಹೇಳಿಕೊಟ್ಟ ವ್ಯಾಯಾಮದಲ್ಲೇ ಅರ್ಧ ಗುಣ ಆಯ್ತು" ಎಂದರು.

ಫೋನು ಇಡಬೇಕಿತ್ತು, ಇಡಲಿಲ್ಲ. ಒಂದು ವರ್ಷದಿಂದ ಗಂಡನಿಗೂ ಹೇಳದೆ ಇದ್ದದ್ದೊಂದು ನನ್ನ ಬಾಯಿಯಿಂದ ಹೊರಗೆ ಬಂತು. ಠಾಣೆಯಿಂದ ಕಚೇರಿಗೆ ಹೋಗಿ ಬರುವತನಕ ನಾನೂ ನೀರು ಕುಡಿಯುತ್ತಿಲ್ಲ ಎಂದೆ. ಕೆಮ್ಮಿದರೆ ನನ್ನದೂ ಅದೇ ಅವಸ್ಥೆ ಎಂದೂ ಹೇಳಿದೆ.

ಅತ್ತೆ ಬೈಯಲಿಲ್ಲ. "ನಾಳೆ ರಜೆ ಹಾಕಿ ಹನ್ನೊಂದು ಗಂಟೆಗೆ ಠಾಣೆ ಸ್ಟೇಷನ್ ಹತ್ತಿರ ನಿಲ್ಲು" ಎಂದರು. "ನನ್ನ ಡಾಕ್ಟರಮ್ಮ ನೌಪಾಡಾದಲ್ಲೇ ಇರುದು. ನಾನೂ ಒಳಗೆ ಬರ್ತೇನೆ. ಈಗ ಹೋಗಿ ಒಂದು ಗ್ಲಾಸು ನೀರು ಕುಡಿ, ಫೋನ್ ಹಿಡಿದುಕೊಂಡೇ ಇರ್ತೇನೆ."

ಕುಡಿದೆ. ಅವರು ಕೇಳಿಸಿಕೊಂಡರು.