ಹೊಸ ವಾಚಿನ ಕುಂಕುಮ

ಹೊಸದೇನು ಕೊಂಡರೂ ದೇವರ ಮುಂದಿಟ್ಟು ಕುಂಕುಮ ಹಚ್ಚದೆ ನಮ್ಮ ಮನೆಯಲ್ಲಿ ಬಳಸೋದಿಲ್ಲ. ಸ್ಮಾರ್ಟ್ ವಾಚ್ ಆದರೂ ಅಷ್ಟೆ. ಫೋನಿಗೆ ಪೇರ್ ಮಾಡಿ, ಅಪ್‌ಡೇಟ್ ಮುಗಿಸಿ, ಗಾಜು ಕೊಳೆಯಾಗದಿರಲಿ ಅಂತ ಕುಂಕುಮವನ್ನು ಹಿಂಬದಿಗೆ ಹಚ್ಚಿದೆ. ಬೆಳಗ್ಗೆ ಒರೆಸೋದು ಮರೆತು ಹಾಗೇ ಕಟ್ಟಿಕೊಂಡು ಅಮೆರಿಕದ ಸ್ಟರ್ಲಿಂಗ್ ಊರಿನಲ್ಲಿರುವ ನಮ್ಮ ಡೇಟಾ ಸೆಂಟರಿಗೆ ಹೊರಟೆ.

ಸರ್ವರ್‌ಗಳ ಹಿಂದಿನ ಬಿಸಿಗಾಳಿಯಲ್ಲಿ ಕೆಲಸ ಮಾಡಿ, ಬೆವೆತು ಹೊರಬಂದರೆ, ಸೆಕ್ಯುರಿಟಿ ಡೆಸ್ಕಿನ ಹೆಂಗಸು ಗಾಬರಿಯಿಂದ ಎದ್ದು ಬಂದರು. "ಸರ್, ರಕ್ತ!" ನನ್ನ ಬಿಳಿ ಶರ್ಟಿನ ತೋಳು ಕೆಂಪಾಗಿತ್ತು.

ಕುಂಕುಮ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿ ಟೀಮಿನವರು ನಿಂತಿದ್ದರು. ವಾಚಿಗೆ ಪೂಜೆ ಮಾಡೋನು ಅಂತ ಅವರು ನಗೋದು ಬೇಡ ಅನ್ನಿಸಿ, "ಬಕಲ್ ತರಚಿತು" ಅಂದುಬಿಟ್ಟೆ.

ಆಕೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಫಸ್ಟ್ ಏಡ್ ಬಾಕ್ಸ್ ತಂದು, ವಾಚ್ ಬಿಚ್ಚಿ, ಮಗುವಿನ ಕೈ ಒರೆಸುವ ಹಾಗೆ ಒರೆಸಿದರು. ಗಾಯ ಸಿಗಲಿಲ್ಲ. ಬೆರಳಿಗಂಟಿದ ಕೆಂಪನ್ನು ಮೂಸಿ, ನನಗೆ ಮಾತ್ರ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದರು: "ಪಕ್ಕದ್ಮನೆ ಇಂಡಿಯನ್ ಆಂಟಿ ನನ್ನ ಹೊಸ ಕಾರಿಗೂ ಇದನ್ನೇ ಹಚ್ಚಿದ್ರು. ಒಳ್ಳೇದಾಗ್ಲಿ ಅಂತ ನಾನು ಇನ್ನೂ ಒರೆಸಿಲ್ಲ."

ನನಗೆ ತಲೆ ಎತ್ತಲಾಗಲಿಲ್ಲ. ವಾಚಿನ ಹಿಂಬದಿಯನ್ನೂ ಒರೆಸಿ ಆಕೆಯೇ ಕಟ್ಟಿದರು. ಕುಂಕುಮ ಅಡ್ಡಬಂದು ಬೆಳಗ್ಗಿಂದ ನಾಡಿ ಸಿಗದೆ ಸುಮ್ಮನಿದ್ದ ವಾಚು ಆಗ ಗುಂಯ್ ಅಂದು ಗಾಜಿನ ಮೇಲೆ ತೋರಿಸಿತು: ನೀವು ಸುಮ್ಮನೆ ಕೂತಿದ್ದರೂ ಎದೆಬಡಿತ ಜೋರಾಗಿದೆ.

ದೇವರ ಮುಂದಿಟ್ಟ ವಾಚು, ಸುಳ್ಳು ಹೇಳೀತಾದರೂ ಹೇಗೆ!